ಉತ್ಕರ್ಷಿತ ಕೊಲೆಸ್ಟರಾಲ್ ಮತ್ತು ಹಿಗ್ಗುವುದನ್ನು ಮರೆತ ಹೃದಯಧಮನಿ

ಇಂಡಿ ತಾಲ್ಲೂಕಿನ ಹಳ್ಳಿಯೊಂದರಿಂದ ತಾಯಿಯನ್ನು ಕರೆದುಕೊಂಡು ವಿಜಯಪುರಕ್ಕೆ ಬಂದಿದ್ದ ಯುವಕನೊಬ್ಬ ಆಂಜಿಯೋಗ್ರಾಮ್ ವರದಿಯನ್ನು ನನ್ನ ಮೇಜಿನ ಮೇಲಿಟ್ಟು, “ಸರ, ಅವ್ವನ ರಕ್ತದ ನಳದಾಗ ಅಡ್ಡ ಏನೂ ಇಲ್ಲಂತ ಬರದಾರ್ರಿ. ಹಂಗಂದ್ರ ಏರು ಹತ್ತುಮುಂದ ಎದಿ ಯಾಕ ಹಿಡೀತೈತ್ರಿ?” ಎಂದು ಕೇಳಿದ. ಹೊರಗೆ ಕಾಯುತ್ತಿದ್ದವರ ಸಾಲು ಉದ್ದವಿತ್ತು, ಅಂದು ನಾನು ಕೊಟ್ಟ ಉತ್ತರ ಎರಡೇ ಮಾತಿನದಾಗಿತ್ತು. ಆದರೆ ಅವನ ಪ್ರಶ್ನೆ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೆ ಪೂರ್ಣ ಉತ್ತರ ಕೊಡಬೇಕಾದರೆ ಹೃದಯದ ರಕ್ತನಾಳ ಹೇಗೆ ಕೆಲಸ ಮಾಡುತ್ತದೆ, ಕೊಲೆಸ್ಟರಾಲ್ ಕೆಡುವುದು, ಅಂದರೆ ಉತ್ಕರ್ಷಿತವಾಗುವುದು ಎಂದರೇನು, ಕೆಟ್ಟ ಕೊಲೆಸ್ಟರಾಲ್ ಆ ನಾಳದ ಯಾವ ಶಕ್ತಿಯನ್ನು ಮೊದಲು ಕಸಿದುಕೊಳ್ಳುತ್ತದೆ ಎಂಬ ಮೂರನ್ನೂ ಸಾವಧಾನವಾಗಿ ನೋಡಬೇಕಾಗುತ್ತದೆ.

ತೊಡಕು ‘ನಳ’ ಎಂಬ ಮಾತಿನಿಂದಲೇ ಶುರುವಾಗುತ್ತದೆ. ನಮ್ಮ ವಿಜಯಪುರದವರಿಗೆ ನೆಲದಡಿಯ ನಳ ಹೊಸದಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳ ಮೂಲಕ ಊರೊಳಗೆ ನೀರು ತರಲಾಗುತ್ತಿತ್ತು, ದಾರಿಯಲ್ಲಿ ನೀರಿನ ಒತ್ತಡವನ್ನು ಇಳಿಸಲು ಕಟ್ಟಿದ ಗೋಪುರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಅಂಥ ಕೊಳವೆಗೆ ಬರುವ ರೋಗ ಒಂದೇ, ಹೂಳು. ಹೂಳು ತುಂಬಿದರೆ ನೀರು ನಿಲ್ಲುತ್ತದೆ, ತೆಗೆದರೆ ಹರಿಯುತ್ತದೆ. ಕೊಲೆಸ್ಟರಾಲ್ ಎಂದರೆ ರಕ್ತದ ಹೂಳು, ಹೃದಯಾಘಾತವೆಂದರೆ ಹೂಳು ತುಂಬಿ ಕಟ್ಟಿಕೊಂಡ ಕೊಳವೆ ಎಂದು ನಾವೆಲ್ಲ ಭಾವಿಸಿರುವುದು ಈ ಚಿತ್ರ ಮನಸ್ಸಿನಲ್ಲಿ ಆಳವಾಗಿ ಕೂತಿರುವುದರಿಂದಲೇ. ಆದರೆ ಮಣ್ಣಿನ ಕೊಳವೆಗೆ ತನ್ನ ಇನ್ನೊಂದು ತುದಿಯಲ್ಲಿ ಎಷ್ಟು ಜನ ಕೊಡ ಹಿಡಿದು ನಿಂತಿದ್ದಾರೆ ಎಂಬುದು ತಿಳಿಯುವುದಿಲ್ಲ. ಹೃದಯಧಮನಿಗೆ ಅದು ತಿಳಿಯುತ್ತದೆ, ತಿಳಿದು ತನ್ನ ಅಗಲವನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಳ್ಳುತ್ತದೆ. ಹಿಡಕಲ್ ಜಲಾಶಯದಿಂದ ಹೊರಟ ಘಟಪ್ರಭಾ ಕಾಲುವೆಯ ಗೇಟುಗಳನ್ನು ಹೊಲಗಳ ಬೇಡಿಕೆ ನೋಡಿ ಎತ್ತಿ ಇಳಿಸುವಂತೆ, ಇಲ್ಲಿ ನಾಳದ ಗೋಡೆಯೇ ಗೇಟು, ಗೋಡೆಯ ಒಳಪದರವೇ ಗೇಟು ಕಾಯುವ ನೌಕರ.

ಈ ಹಿಗ್ಗುವ ಗುಣ ಹೃದಯಕ್ಕೆ ಬೇರೆಲ್ಲ ಅಂಗಗಳಿಗಿಂತ ಹೆಚ್ಚು ಅಗತ್ಯ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯದ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ರಕ್ತ ಹರಿಯುತ್ತದೆ, ಅಂದರೆ ಹೃದಯ ಹೊರದೂಡುವ ಒಟ್ಟು ರಕ್ತದ ಶೇಕಡಾ 5ರಷ್ಟು. ಕೈಕಾಲಿನ ಸ್ನಾಯುಗಳು ವಿಶ್ರಾಂತಿಯಲ್ಲಿ ತಮಗೆ ಬಂದ ರಕ್ತದಿಂದ ನಾಲ್ಕರಲ್ಲೊಂದು ಪಾಲು ಆಮ್ಲಜನಕವನ್ನಷ್ಟೇ ತೆಗೆದುಕೊಳ್ಳುತ್ತವೆ. ದುಡಿಮೆ ಹೆಚ್ಚಿದಾಗ ಅದೇ ರಕ್ತದಿಂದ ಇನ್ನಷ್ಟು ಹೀರಿಕೊಳ್ಳುವ ಅವಕಾಶ ಅವಕ್ಕಿದೆ. ಹೃದಯಕ್ಕೆ ಆ ಅವಕಾಶವಿಲ್ಲ, ಏಕೆಂದರೆ ಸುಮ್ಮನೆ ಕುಳಿತಾಗಲೇ ಅದು ತನಗೆ ಬಂದ ಆಮ್ಲಜನಕದ ಶೇಕಡಾ 70ಕ್ಕಿಂತ ಹೆಚ್ಚನ್ನು ಬಳಸಿಕೊಂಡಿರುತ್ತದೆ. ಹೀಗಾಗಿ ಏರು ಹತ್ತುವಾಗ, ತುಂಬಿದ ಬಿಂದಿಗೆ ಹೊತ್ತು ನಡೆಯುವಾಗ ಹೃದಯಕ್ಕೆ ಉಳಿದಿರುವ ದಾರಿ ಒಂದೇ: ರಕ್ತದ ಹರಿವನ್ನೇ ಹೆಚ್ಚಿಸುವುದು. ಆರೋಗ್ಯವಂತರಲ್ಲಿ ಅದು ನಾಲ್ಕೈದು ಪಟ್ಟು ಹೆಚ್ಚಬಲ್ಲದು. ಹಾಗೆ ಹೆಚ್ಚಲು ನಾಳಗಳು, ಅದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಿರುಧಮನಿಗಳು ಹಿಗ್ಗಬೇಕು. ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂಬ ಭೌತವಿಜ್ಞಾನದ ನಿಯಮವನ್ನು ಇಲ್ಲಿಗೆ ಅನ್ವಯಿಸಿದರೆ ಇದರ ತೂಕ ತಿಳಿಯುತ್ತದೆ: ತ್ರಿಜ್ಯ ಕೇವಲ ಹತ್ತರಲ್ಲೊಂದು ಪಾಲು ಕುಗ್ಗಿದರೂ ಹರಿವು ಮೂರರಲ್ಲೊಂದು ಪಾಲಿನಷ್ಟು ತಗ್ಗುತ್ತದೆ. ನಾಳ ಕಟ್ಟಿಕೊಳ್ಳಬೇಕೆಂದೇನೂ ಇಲ್ಲ, ಹಿಗ್ಗಬೇಕಾದ ಹೊತ್ತಿನಲ್ಲಿ ಹಿಗ್ಗದಿದ್ದರೆ ಸಾಕು, ಎದೆ ಹಿಡಿಯುತ್ತದೆ.

ನಾಳಕ್ಕೆ ‘ಹಿಗ್ಗು’ ಎಂದು ಹೇಳುವವರು ಯಾರು ಎಂಬುದು ಬಹುಕಾಲ ಗೊತ್ತಿರಲಿಲ್ಲ. ಎಲ್ಲ ರಕ್ತನಾಳಗಳ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ, ಅದಕ್ಕೆ ಎಂಡೋಥೀಲಿಯಂ ಎಂದು ಹೆಸರು. ಅದು ಗೋಡೆಗೆ ಬಳಿದ ಸುಣ್ಣದಂಥ ಲೇಪನ ಮಾತ್ರ ಎಂದು ಹಿಂದಿನ ವೈದ್ಯರು ತಿಳಿದಿದ್ದರು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮತ್ತು ಅವರ ಸಹೋದ್ಯೋಗಿ ಜಾನ್ ಜವಾಡ್ಜ್ಕಿ 1980ರಲ್ಲಿ ಪ್ರಕಟಿಸಿದ ಪ್ರಯೋಗ ಆ ತಿಳಿವಳಿಕೆಯನ್ನು ಅಳಿಸಿಹಾಕಿತು. ಮೊಲದ ಮಹಾಧಮನಿಯ ತುಂಡಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸೇರಿಸಿದಾಗ ಅದು ಸಡಿಲಗೊಳ್ಳುತ್ತಿತ್ತು. ಅದೇ ತುಂಡಿನ ಒಳಮೈಯನ್ನು ಮೆಲ್ಲನೆ ಉಜ್ಜಿ ಆ ಪದರವನ್ನು ತೆಗೆದುಬಿಟ್ಟರೆ ಸಡಿಲವಾಗುತ್ತಿರಲಿಲ್ಲ. ಎಂದರೆ ಸ್ನಾಯುವಿಗೆ ಸಡಿಲವಾಗು ಎಂದು ಹೇಳುವ ಸಂದೇಶ ಒಳಪದರದಿಂದ ಬರುತ್ತಿತ್ತು. ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಸರಳ ಅನಿಲವೆಂದು 1987ರ ಹೊತ್ತಿಗೆ ಖಚಿತವಾಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೋ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಈ ಶೋಧಗಳಿಗಾಗಿ. ಒಳಪದರದ ಜೀವಕೋಶಗಳಲ್ಲಿರುವ ಕಿಣ್ವವೊಂದು ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ಈ ಅನಿಲವನ್ನು ತಯಾರಿಸುತ್ತದೆ. ಅದು ಕೆಲವೇ ಸೆಕೆಂಡು ಬದುಕಿದ್ದು, ಪಕ್ಕದ ಸ್ನಾಯುಕೋಶಕ್ಕೆ ದಾಟಿ ಅದನ್ನು ಸಡಿಲಗೊಳಿಸಿ ಮಾಯವಾಗುತ್ತದೆ. ರಕ್ತ ರಭಸದಿಂದ ಹರಿದು ಒಳಪದರವನ್ನು ಉಜ್ಜಿದಾಗಲೂ ಇದೇ ಅನಿಲ ಹುಟ್ಟುತ್ತದೆ.

ಇನ್ನು ಕೊಲೆಸ್ಟರಾಲ್ ಕಡೆಗೆ ಬರೋಣ. ಕೊಲೆಸ್ಟರಾಲ್ ಸ್ವತಃ ವಿಷವಲ್ಲ, ನಮ್ಮ ಪ್ರತಿಯೊಂದು ಜೀವಕೋಶದ ಹೊದಿಕೆಗೂ ಅದು ಬೇಕು. ನೀರಿನಲ್ಲಿ ಕರಗದ ಕಾರಣ ಅದು ರಕ್ತದಲ್ಲಿ ಒಂಟಿಯಾಗಿ ಸಂಚರಿಸಲಾರದು, ಕೊಬ್ಬು ಮತ್ತು ಪ್ರೋಟೀನ್ ಸೇರಿ ಆದ ಕಣಗಳಲ್ಲಿ ಕುಳಿತು ಸಾಗುತ್ತದೆ. ಪರೀಕ್ಷಾ ವರದಿಯಲ್ಲಿ ಎಲ್‌ಡಿಎಲ್ ಎಂದು ಬರೆದಿರುವುದು ಅಂಥ ಒಂದು ಬಗೆಯ ಕಣ. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು ನಲವತ್ತೈದು ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣದಾದ್ದರಿಂದ ಅದು ಧಮನಿಯ ಒಳಪದರವನ್ನು ದಾಟಿ ಗೋಡೆಯೊಳಗೆ ಹೋಗಬಲ್ಲದು, ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚಿದ್ದಷ್ಟೂ ಹೆಚ್ಚು ಕಣಗಳು ಹಾಗೆ ಹೋಗುತ್ತವೆ. ಹೋದವುಗಳಲ್ಲಿ ಕೆಲವು ಗೋಡೆಯ ಅಂಗಾಂಶದ ಅಂಟಿಗೆ ಸಿಕ್ಕಿ ಅಲ್ಲೇ ಉಳಿಯುತ್ತವೆ. ಹಾಗೆ ಉಳಿದವುಗಳೇ ಕೆಡುತ್ತವೆ.

ಕೆಡುವುದು ಎಂದರೇನೆಂದು ಈ ಭಾಗದ ಯಾವ ಮನೆಯಲ್ಲಿಯೂ ವಿವರಿಸಿ ಹೇಳಬೇಕಾಗಿಲ್ಲ. ಬಹುದಿನ ಇಟ್ಟ ಶೇಂಗಾ ಕಮಟು ಹಿಡಿಯುತ್ತದೆ, ಡಬ್ಬಿಯ ತಳದ ಕುಸುಬಿ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಗಾಳಿಯ ಆಮ್ಲಜನಕ ಕೊಬ್ಬಿನ ಅಣುವಿನ ದುರ್ಬಲ ಕೊಂಡಿಗಳ ಮೇಲೆ ಎರಗಿದ್ದರ ಫಲ ಅದು, ರಸಾಯನವಿಜ್ಞಾನದ ಕನ್ನಡದಲ್ಲಿ ಇದಕ್ಕೆ ಉತ್ಕರ್ಷಣ ಎನ್ನುತ್ತೇವೆ. ಕುಸುಬಿ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಯಿಕ್ ಆಮ್ಲವೇ ಎಲ್‌ಡಿಎಲ್ ಕಣದಲ್ಲಿಯೂ ಹೇರಳವಾಗಿದೆ, ಮೊದಲು ಕಮಟುವುದು ಅದೇ. ಒಂದು ಅಣು ಕೆಟ್ಟರೆ ಅದು ಪಕ್ಕದ ಅಣುವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಈ ಸರಪಳಿಯಲ್ಲಿ ಕೊನೆಗೆ ಕೊಲೆಸ್ಟರಾಲ್ ಅಣುವೂ ಸಿಕ್ಕಿಕೊಳ್ಳುತ್ತದೆ. ಅದರ 27 ಇಂಗಾಲದ ಪರಮಾಣುಗಳಲ್ಲಿ ಏಳನೆಯದಕ್ಕೆ ಆಮ್ಲಜನಕ ಸೇರಿ 7-ಕೀಟೋಕೊಲೆಸ್ಟರಾಲ್ ಎಂಬ ವಸ್ತು ಹುಟ್ಟುತ್ತದೆ, ಧಮನಿಯ ಗೋಡೆಯಲ್ಲಿ ಕೊಬ್ಬು ಸೇರಿ ಬೆಳೆಯುವ ಗಂಟುಗಳಲ್ಲಿ ಹೆಚ್ಚಾಗಿ ಸಿಗುವ ಉತ್ಕರ್ಷಿತ ಕೊಲೆಸ್ಟರಾಲ್‌ಗಳಲ್ಲಿ ಇದೂ ಒಂದು. ರಕ್ತದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಆಲ್ಬುಮಿನ್ ಮುಂತಾದ ಕಾವಲುಗಾರರು ತುಂಬಿರುವುದರಿಂದ ಅಲ್ಲಿ ಈ ಕಮಟು ಸುಲಭಕ್ಕೆ ಹತ್ತುವುದಿಲ್ಲ. ಗೋಡೆಯೊಳಗೆ ಸಿಕ್ಕಿಕೊಂಡ ಕಣಕ್ಕೆ ಆ ಕಾವಲು ದೊರೆಯುವುದು ಕಡಿಮೆ. ಆದ್ದರಿಂದ ಉತ್ಕರ್ಷಿತ ಕೊಲೆಸ್ಟರಾಲ್ ಎಂದಾಗ ನಾವು ಮುಖ್ಯವಾಗಿ ಮಾತಾಡುತ್ತಿರುವುದು ಧಮನಿಯ ಗೋಡೆಯೊಳಗೇ ತಯಾರಾದ ವಸ್ತುವಿನ ಬಗ್ಗೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ತಟ್ಟೆಯಲ್ಲಿ ಬರುವುದರ ವಿಚಾರ ಬೇರೆ, ಅದನ್ನು ಮುಂದೆ ನೋಡೋಣ.

ಕೆಟ್ಟ ಈ ಕಣವನ್ನು ಒಳಪದರದ ಜೀವಕೋಶ ಗುರುತಿಸಿ ಹಿಡಿಯುವುದು ಲಾಕ್ಸ್-1 ಎಂಬ ಗ್ರಾಹಕದ, ಅಂದರೆ ಜೀವಕೋಶದ ಮೈಮೇಲಿದ್ದು ಗೊತ್ತಾದ ವಸ್ತುವನ್ನು ಹಿಡಿಯುವ ಪ್ರೋಟೀನಿನ ಮೂಲಕ. ಜಪಾನಿನ ವಿಜ್ಞಾನಿಗಳು 1997ರಲ್ಲಿ ಅದನ್ನು ಗುರುತಿಸಿದರು. ಹಿಡಿದ ಮೇಲೆ ಆಗುವುದು ಹಲವು ಪದರಗಳ ಹಾನಿ. ಮೊದಲನೆಯದಾಗಿ, ಜೀವಕೋಶದೊಳಗಿನ ಒಂದು ಕಿಣ್ವ ಕೆರಳಿ ಸೂಪರ್‌ಆಕ್ಸೈಡ್ ಎಂಬ ಅತಿ ಚಟುವಟಿಕೆಯ ಆಮ್ಲಜನಕವನ್ನು ಹೊರಗೆಡಹುತ್ತದೆ. ಅದು ಹುಟ್ಟಿದ ಕ್ಷಣವೇ ನೈಟ್ರಿಕ್ ಆಕ್ಸೈಡನ್ನು ಹಿಡಿದು ಪೆರಾಕ್ಸಿನೈಟ್ರೈಟ್ ಎಂಬ ಹಾನಿಕಾರಕ ವಸ್ತುವಾಗಿ ಮಾರ್ಪಡಿಸುತ್ತದೆ. ಸಂದೇಶ ಹೊರಟಿತು, ಆದರೆ ದಾರಿಯಲ್ಲೇ ಸತ್ತಿತು. ಇದಕ್ಕಿಂತ ಗಂಭೀರವಾದದ್ದು ಮುಂದಿನ ಹಾನಿ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಟೆಟ್ರಾಹೈಡ್ರೋಬಯೋಪ್ಟೆರಿನ್ ಎಂಬ ಸಹಾಯಕ ಅಣು ಬೇಕು. ಪೆರಾಕ್ಸಿನೈಟ್ರೈಟ್ ಆ ಸಹಾಯಕನನ್ನೇ ನಾಶಮಾಡುತ್ತದೆ. ಸಹಾಯಕನಿಲ್ಲದ ಕಿಣ್ವ ಸುಮ್ಮನಿರುವುದಿಲ್ಲ, ನೈಟ್ರಿಕ್ ಆಕ್ಸೈಡ್ ತಯಾರಿಸುವ ಬದಲು ತಾನೂ ಸೂಪರ್‌ಆಕ್ಸೈಡ್ ತಯಾರಿಸಲು ತೊಡಗುತ್ತದೆ. ನಾಳವನ್ನು ಸಡಿಲಗೊಳಿಸಲೆಂದು ಇದ್ದ ಯಂತ್ರವೇ ಅದನ್ನು ಬಿಗಿಯುವ ಯಂತ್ರವಾಗುತ್ತದೆ. ಹೃದ್ರೋಗದ ಕುರಿತು ಹಲವು ವರ್ಷ ಓದಿದ ಮೇಲೂ ನನ್ನನ್ನು ಬೆರಗಿಗೂ ಕಳವಳಕ್ಕೂ ಒಳಪಡಿಸುವ ಸಂಗತಿ ಇದೇ, ಏಕೆಂದರೆ ಇಲ್ಲಿ ದೇಹ ಸೋಲುತ್ತಿರುವುದು ಹೊರಗಿನ ಯಾವುದೋ ರೋಗಾಣುವಿಗಲ್ಲ, ತನ್ನದೇ ದಿಕ್ಕು ತಪ್ಪಿದ ಕೆಲಸಗಾರನಿಗೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಉತ್ಕರ್ಷಿತ ಕಣಗಳ ಪ್ರಭಾವದಿಂದ ಒಳಪದರ ಎಂಡೋಥೀಲಿನ್ ಎಂಬ, ನಾಳವನ್ನು ಬಲವಾಗಿ ಸಂಕುಚಿಸುವ ವಸ್ತುವನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ. ಜೊತೆಗೆ ತನ್ನ ಮೈಮೇಲೆ ಅಂಟುವ ಪ್ರೋಟೀನುಗಳನ್ನು ಮೂಡಿಸಿಕೊಂಡು, ರಕ್ತದಲ್ಲಿ ಹಾದುಹೋಗುತ್ತಿರುವ ಬಿಳಿ ರಕ್ತಕಣಗಳನ್ನು ಕರೆದು ಗೋಡೆಯೊಳಗೆ ಇಳಿಸಿಕೊಳ್ಳುತ್ತದೆ. ನೈಟ್ರಿಕ್ ಆಕ್ಸೈಡ್ ಇದ್ದಾಗ ಒಂದಕ್ಕೊಂದು ಅಂಟದೆ ತೇಲುವ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್ಲೆಟ್ಟುಗಳು ಅದು ಕಡಿಮೆಯಾದಾಗ ಗುಂಪುಗೂಡುವ ಸ್ವಭಾವ ತೋರುತ್ತವೆ.

ಈ ಎಲ್ಲ ಆಪಾದನೆಗಳಿಗೆ ಸಾಕ್ಷ್ಯವೇನು ಎಂದು ಕೇಳುವ ಹಕ್ಕು ಓದುಗರಿಗಿದೆ. 1990ರ ಸುಮಾರಿಗೆ ಹಂದಿಯ ಹೃದಯಧಮನಿಯ ತುಂಡುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಉತ್ಕರ್ಷಿತ ಎಲ್‌ಡಿಎಲ್ ಸೋಕಿದ ನಾಳಗಳು ಸಂಕುಚಿಸಿದವು, ಒಳಪದರದ ಸಂದೇಶದಿಂದ ಹಿಗ್ಗುವ ಶಕ್ತಿಯನ್ನೂ ಬಹಳಷ್ಟು ಕಳೆದುಕೊಂಡವು. ಕೆಡದ ಎಲ್‌ಡಿಎಲ್ ಅಷ್ಟು ಹಾನಿ ಮಾಡಲಿಲ್ಲ. ಇದಕ್ಕೂ ಮೊದಲೇ, 1986ರಲ್ಲಿ, ಅಮೆರಿಕದ ವೈದ್ಯರ ತಂಡವೊಂದು ಕ್ಯಾಥೆಟರ್ ಎಂಬ ಸಣ್ಣ ನಳಿಕೆಯ ಮೂಲಕ ರೋಗಿಗಳ ಹೃದಯಧಮನಿಯೊಳಕ್ಕೇ ಅಸಿಟೈಲ್‌ಕೋಲಿನ್ ಹರಿಸಿ ನೋಡಿತ್ತು. ನುಣುಪಾದ ಧಮನಿಗಳು ಹಿಗ್ಗಿದವು. ಕೊಬ್ಬಿನ ರೋಗ ಹಿಡಿದ ಧಮನಿಗಳು ಹಿಗ್ಗಲಿಲ್ಲ, ತದ್ವಿರುದ್ಧವಾಗಿ ಕುಗ್ಗಿದವು. ಆ ಮೇಲೆ ನೈಟ್ರೋಗ್ಲಿಸರಿನ್ ಕೊಟ್ಟಾಗ ಕುಗ್ಗಿದ್ದವೂ ಹಿಗ್ಗಿದವು. ಈ ಕೊನೆಯ ಅಂಶದ ಮೇಲೆ ಸ್ವಲ್ಪ ನಿಲ್ಲಬೇಕು. ನೈಟ್ರೋಗ್ಲಿಸರಿನ್ ಆಗಲಿ, ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆಯಾಗಲಿ, ಒಳಪದರದ ನೆರವಿಲ್ಲದೆ ನೇರವಾಗಿ ಸ್ನಾಯುವಿಗೆ ನೈಟ್ರಿಕ್ ಆಕ್ಸೈಡ್ ಒದಗಿಸುತ್ತದೆ. ಅದಕ್ಕೆ ನಾಳ ಓಗೊಟ್ಟಿತು ಎಂದರೆ ಸ್ನಾಯು ಸರಿಯಾಗಿಯೇ ಇತ್ತು, ಹಾಳಾಗಿದ್ದದ್ದು ಒಳಪದರದ ಮಾತು.

ಬಿಳಿ ರಕ್ತಕಣಗಳು ಗೋಡೆಯೊಳಗೆ ಇಳಿದ ಮೇಲಿನ ಕಥೆ ಹೆಚ್ಚು ಜನರಿಗೆ ಪರಿಚಿತ, ಹಾಗಾಗಿ ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಲ್‌ಡಿಎಲ್ ಗ್ರಾಹಕವನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದವರು. ಒಂದು ಒಗಟು ಅವರನ್ನು ಕಾಡಿತ್ತು: ಆ ಕಣಗಳು ಮಾಮೂಲಿ ರೂಪದಲ್ಲಿದ್ದಾಗ ಬಿಳಿ ರಕ್ತಕಣಗಳ ವಂಶದ ಭಕ್ಷಕ ಕೋಶಗಳು ಅವನ್ನು ಮಿತಿಮೀರಿ ನುಂಗುವುದಿಲ್ಲ, ಕಣಗಳ ರಾಸಾಯನಿಕ ರೂಪ ಬದಲಾದಾಗ ಮಾತ್ರ ಹೊಟ್ಟೆಬಿರಿಯುವಷ್ಟು ನುಂಗುತ್ತವೆ. ದೇಹದೊಳಗೆ ಆ ರೂಪ ಬದಲಿಸುವುದು ಉತ್ಕರ್ಷಣವೇ ಎಂಬ ವಾದವನ್ನು 1980ರ ದಶಕದಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಅವರ ಜೊತೆಗಾರರು ಕಟ್ಟಿದರು. ನುಂಗಿ ನೊರೆಯಂತೆ ಉಬ್ಬಿದ ಆ ಕೋಶಗಳೇ ಗೋಡೆಯ ಗಂಟಿನ ಮೊದಲ ಇಟ್ಟಿಗೆ. ಗಂಟು ಆಂಜಿಯೋಗ್ರಾಮ್‌ನಲ್ಲಿ ಕಾಣಿಸುವಷ್ಟು ಬೆಳೆಯಲು ದಶಕಗಳೇ ಬೇಕಾಗಬಹುದು, ಹಿಗ್ಗುವ ಶಕ್ತಿ ಕುಂದುವುದು ಅದಕ್ಕೆ ಎಷ್ಟೋ ಮೊದಲು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಊಟದ್ದು. ನಮ್ಮ ಕಡೆ ತುಪ್ಪವಿಲ್ಲದೆ ಹೋಳಿಗೆ ಬಡಿಸುವುದಿಲ್ಲ, ಬೆಳಗಾವಿಯ ಕುಂದಾ ಆಗಲಿ ಅಮೀನಗಡದ ಕರದಂಟು ಆಗಲಿ ತುಪ್ಪ, ಹಾಲಿನ ಕೆನೆಯ ನಂಟು ಬಿಟ್ಟಿಲ್ಲ. 1987ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿಯೊಂದು ತುಪ್ಪದ ಒಟ್ಟು ಸ್ಟೆರಾಲ್‌ಗಳಲ್ಲಿ (ಕೊಲೆಸ್ಟರಾಲ್ ಮತ್ತು ಅದರ ಬಳಗದ ವಸ್ತುಗಳಲ್ಲಿ) ಶೇಕಡಾ 12.3ರಷ್ಟು ಉತ್ಕರ್ಷಿತ ರೂಪದಲ್ಲಿದ್ದವೆಂದೂ ತಾಜಾ ಬೆಣ್ಣೆಯಲ್ಲಿ ಅವು ಇರಲಿಲ್ಲವೆಂದೂ ಹೇಳಿ, ವಿದೇಶಗಳಲ್ಲಿ ನೆಲೆಸಿದ ಭಾರತೀಯರಲ್ಲಿ ಹೃದ್ರೋಗ ಹೆಚ್ಚಿರುವುದಕ್ಕೆ ಇದು ಕಾರಣವಿರಬಹುದೇ ಎಂಬ ಊಹೆಯನ್ನು ಮುಂದಿಟ್ಟಿತ್ತು. ಆಹಾರದಲ್ಲಿನ ಇಂಥ ವಸ್ತುಗಳು ಕರುಳಿನಿಂದ ರಕ್ತಕ್ಕೆ ಸೇರುತ್ತವೆ ಎಂಬುದು ನಿಜ. ಆದರೆ ಊಹೆ ಊಹೆಯೇ. ತುಪ್ಪದಲ್ಲಿ ಅದಿತ್ತು ಎಂಬುದರಿಂದ ರೋಗ ತುಪ್ಪದಿಂದ ಬಂತು ಎಂದು ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ ತುಪ್ಪದ ಕುರಿತು ಹೆಚ್ಚು ಯೋಚಿಸಬೇಕಾದದ್ದು ಅದು ಎಲ್‌ಡಿಎಲ್ ಪ್ರಮಾಣವನ್ನು ಏರಿಸುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ಎಂಬ ಕಾರಣಕ್ಕೆ, ನಂತರ ಅದನ್ನು ಎಷ್ಟು ಹೊತ್ತು, ಎಷ್ಟು ಸಲ ಕಾಯಿಸಿದ್ದಾರೆ ಎಂಬ ಕಾರಣಕ್ಕೆ. ಅನ್ನದ ಮೇಲಿನ ಒಂದು ಚಮಚ ತುಪ್ಪವನ್ನೂ, ದಿನವಿಡೀ ಒಲೆಯ ಮೇಲೆ ಕುದಿಯುವ ಕಡಾಯಿಯ ಕೊಬ್ಬನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸಂಜೆಯ ಮಿರ್ಚಿ ಭಜಿಯ ಎಣ್ಣೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಸಸ್ಯದಿಂದ ಬಂದ ಯಾವ ಅಡುಗೆ ಎಣ್ಣೆಯಲ್ಲಿಯೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ, ‘ಕೊಲೆಸ್ಟರಾಲ್ ರಹಿತ’ ಎಂದು ಡಬ್ಬಿಯ ಮೇಲೆ ಬರೆಯುವುದು ಆ ಎಣ್ಣೆಯ ವಿಶೇಷವೇನೂ ಅಲ್ಲ. ಆದ್ದರಿಂದ ಕರಿದ ಎಣ್ಣೆ ಉತ್ಕರ್ಷಿತ ಕೊಲೆಸ್ಟರಾಲಿನ ಮೂಲವಲ್ಲ. ಆದರೆ ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆಯಲ್ಲಿ ಉತ್ಕರ್ಷಿತ ಕೊಬ್ಬುಗಳು ತುಂಬಿರುತ್ತವೆ, ಅವೂ ಒಳಪದರಕ್ಕೆ ಮಿತ್ರರಲ್ಲ. ಎಣ್ಣೆಯಲ್ಲಿ ಹೀಗೆ ಕೆಟ್ಟು ಹುಟ್ಟುವ ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇಕಡಾ 25 ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಇದನ್ನು ಅಳೆಯುವ ಸಾಧನವಿರುವುದಿಲ್ಲ, ಬಣ್ಣ, ನೊರೆ, ಅಂಟು ಮತ್ತು ಬೇಗ ಏಳುವ ಹೊಗೆಯನ್ನೇ ನಂಬಬೇಕು.

ತಟ್ಟೆಗಿಂತ ಹೆಚ್ಚು ಚಿಂತಿಸಬೇಕಾದದ್ದು ಹೊಗೆಯ ಬಗ್ಗೆ. ನಿಪ್ಪಾಣಿಯ ತಂಬಾಕು ನಮ್ಮ ಸೀಮೆಯ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿದೆ ಎಂಬುದನ್ನು ನಾನು ಮರೆತಿಲ್ಲ. ಆದರೂ ಬೀಡಿ, ಸಿಗರೇಟಿನ ಪ್ರತಿ ಎಳೆತದಲ್ಲಿ ಒಳಸೇರುವ ಉತ್ಕರ್ಷಕ ವಸ್ತುಗಳು ರಕ್ತದ ಕಾವಲನ್ನು ಸವೆಸಿ, ನೈಟ್ರಿಕ್ ಆಕ್ಸೈಡನ್ನು ನೇರವಾಗಿಯೇ ಕೊಲ್ಲುತ್ತವೆ. ಸಕ್ಕರೆ ಕಾಯಿಲೆಯೂ ಹೀಗೆಯೇ: ಸಕ್ಕರೆ ಅಂಟಿದ ಎಲ್‌ಡಿಎಲ್ ಬೇಗ ಕಮಟುತ್ತದೆ. ಒಂದೇ ಎಲ್‌ಡಿಎಲ್ ಅಂಕಿಯಿರುವ ಇಬ್ಬರ ಧಮನಿಗಳು ಒಂದೇ ಸ್ಥಿತಿಯಲ್ಲಿ ಇರದಿರುವುದಕ್ಕೆ ಇವು ಮುಖ್ಯ ಕಾರಣಗಳು. ವರದಿಯ ಅಂಕಿ ರಕ್ತದ ಎಲ್‌ಡಿಎಲ್ ಕಣಗಳಲ್ಲಿ ಒಟ್ಟು ಎಷ್ಟು ಕೊಲೆಸ್ಟರಾಲ್ ಇದೆ ಎಂದು ಹೇಳುತ್ತದೆಯೇ ಹೊರತು ಗೋಡೆಯೊಳಗೆ ಅದರಲ್ಲಿ ಎಷ್ಟು ಕೆಟ್ಟಿದೆ ಎಂದು ಹೇಳುವುದಿಲ್ಲ.

ಉತ್ಕರ್ಷಣವೇ ತೊಂದರೆಯಾದರೆ ಉತ್ಕರ್ಷಣ ತಡೆಯುವ ವಿಟಮಿನ್ ಮಾತ್ರೆ ನುಂಗಿದರಾಯಿತಲ್ಲ ಎಂಬುದು ತೀರ ಸಹಜವಾದ ತರ್ಕ, ವಿಜ್ಞಾನಿಗಳೂ ಹಾಗೆಯೇ ಯೋಚಿಸಿದ್ದರು. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ಐದು ವರ್ಷ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಹೊರಬಂತು. ವಿಟಮಿನ್ ಇ, ವಿಟಮಿನ್ ಸಿ ಮತ್ತು ಬೀಟಾ ಕೆರೋಟಿನ್ ಸೇವಿಸಿದವರಿಗೆ ಹೃದಯಾಘಾತದಿಂದ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಅದೇ ಅಧ್ಯಯನದಲ್ಲಿ ಎಲ್‌ಡಿಎಲ್ ಇಳಿಸುವ ಸಿಮ್ವಾಸ್ಟಾಟಿನ್ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ನಾಲ್ಕರಲ್ಲೊಂದು ಪಾಲು ತಗ್ಗಿದವು. ಕೆಲವರು ಇದನ್ನು ಉತ್ಕರ್ಷಣದ ವಾದವೇ ಸುಳ್ಳು ಎಂಬುದಕ್ಕೆ ಪುರಾವೆಯೆಂದು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ನುಂಗಿದ ವಿಟಮಿನ್ ಧಮನಿಯ ಗೋಡೆಯಲ್ಲಿ, ಬೇಕಾದ ಜಾಗದಲ್ಲಿ, ಬೇಕಾದ ವೇಗದಲ್ಲಿ ಸೂಪರ್‌ಆಕ್ಸೈಡನ್ನು ತಡೆಯಲಾರದು ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ. ಕೆಡುವ ಸರಕು ಗೋಡೆಯೊಳಗೆ ಹೋಗದಂತೆ ಮೊದಲೇ ಕಡಿಮೆ ಮಾಡುವ ದಾರಿ ಫಲ ಕೊಟ್ಟಿದೆ. ಔಷಧದ ಅಂಗಡಿಯಲ್ಲಿ ವಿಟಮಿನ್ ಕೊಂಡು, ವೈದ್ಯರು ಬರೆದ ಸ್ಟಾಟಿನ್ ಬಿಟ್ಟವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇಂಡಿಯ ಆ ತಾಯಿಯ ವಿಷಯಕ್ಕೆ ಮರಳುತ್ತೇನೆ. ಆಂಜಿಯೋಗ್ರಾಮ್ ತೋರಿಸುವುದು ಹೃದಯದ ಹೊರಮೈಯಲ್ಲಿರುವ ಮೂರು ನಾಲ್ಕು ಮಿಲಿಮೀಟರ್ ಅಗಲದ ದೊಡ್ಡ ಧಮನಿಗಳನ್ನು, ಅದೂ ಅವರು ಸುಮ್ಮನೆ ಮಲಗಿದ್ದಾಗ. ಹರಿವನ್ನು ನಿಯಂತ್ರಿಸುವ ಕಿರುಧಮನಿಗಳು ಅದರಲ್ಲಿ ಕಾಣುವುದೇ ಇಲ್ಲ. ದೊಡ್ಡ ನಾಳಗಳಲ್ಲಿ ಅಡ್ಡವಿಲ್ಲದೆ ಎದೆ ಹಿಡಿಯುವ ಈ ಸ್ಥಿತಿ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅವರ ನೋವನ್ನು ಗ್ಯಾಸ್ ಎಂದೋ ಚಿಂತೆ ಎಂದೋ ತಳ್ಳಿಹಾಕುವುದೂ ಅಷ್ಟೇ ಹೆಚ್ಚು. ಆ ತಾಯಿಗೆ ಸಕ್ಕರೆ ಕಾಯಿಲೆ ಇತ್ತು, ಅರ್ಧ ಆಯುಷ್ಯ ಕಟ್ಟಿಗೆ ಒಲೆಯ ಹೊಗೆಯಲ್ಲಿ ಕಳೆದಿತ್ತು. ಅವರ ಕಿರುಧಮನಿಗಳು ಬಿಗಿದುಕೊಳ್ಳಲು ಉತ್ಕರ್ಷಿತ ಕೊಲೆಸ್ಟರಾಲ್ ಒಂದೇ ಕಾರಣ ಎನ್ನಲಾರೆ, ಈ ಮೂರೂ ಕೊನೆಗೆ ಒಂದೇ ಕಡೆ, ನೈಟ್ರಿಕ್ ಆಕ್ಸೈಡಿನ ಕೊರತೆಯಲ್ಲಿ ಕೂಡುತ್ತವೆ. ನಾಲಿಗೆಯಡಿಯ ಮಾತ್ರೆ ಅವರಿಗೆ ಅರ್ಧಂಬರ್ಧ ಫಲ ಕೊಟ್ಟಿದ್ದೂ ಇದಕ್ಕೆ ಹೊಂದುತ್ತದೆ, ಏಕೆಂದರೆ ಆ ಔಷಧ ದೊಡ್ಡ ನಾಳಗಳನ್ನು ಹಿಗ್ಗಿಸುವಷ್ಟು ಚೆನ್ನಾಗಿ ಅತಿ ಸಣ್ಣ ನಾಳಗಳನ್ನು ಹಿಗ್ಗಿಸುವುದಿಲ್ಲ.

ಕಳೆದುಹೋದ ಈ ಶಕ್ತಿ ಸ್ವಲ್ಪಮಟ್ಟಿಗೆ ಮರಳಿ ಬರುತ್ತದೆ, ಅದೂ ಗಂಟು ಕರಗುವುದನ್ನು ಕಾಯದೆ. ಎಲ್‌ಡಿಎಲ್ ಇಳಿದ ಕೆಲವು ವಾರ, ತಿಂಗಳುಗಳಲ್ಲೇ ಒಳಪದರ ಚೇತರಿಸಿಕೊಳ್ಳುವುದನ್ನು ಹಲವು ಅಧ್ಯಯನಗಳು ಅಳೆದು ತೋರಿಸಿವೆ. 2000ನೆಯ ಇಸವಿಯಲ್ಲಿ ಜರ್ಮನಿಯ ಲೈಪ್‌ಜಿಗ್‌ನ ವೈದ್ಯರು ಹೃದಯಧಮನಿಯ ರೋಗವಿದ್ದವರಿಗೆ ನಾಲ್ಕು ವಾರ ದಿನವೂ ವ್ಯಾಯಾಮ ಮಾಡಿಸಿ, ಮೊದಲಿನ ಅಸಿಟೈಲ್‌ಕೋಲಿನ್ ಪರೀಕ್ಷೆಯನ್ನೇ ಮತ್ತೆ ನಡೆಸಿದರು. ಮೊದಲಿಗಿಂತ ಧಮನಿಗಳು ಕುಗ್ಗುವುದು ಕಡಿಮೆಯಾಗಿತ್ತು, ಹರಿವು ಹೆಚ್ಚಿತ್ತು. ನಡಿಗೆಯಿಂದ ರಕ್ತದ ರಭಸ ಹೆಚ್ಚಿ, ಆ ರಭಸ ಒಳಪದರವನ್ನು ಉಜ್ಜಿ, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಮತ್ತೆ ಚುರುಕುಗೊಳಿಸುತ್ತದೆ. ಸಕ್ಕರೆಯ ಹತೋಟಿ, ಸ್ಟಾಟಿನ್ ಮಾತ್ರೆ, ಹೊಗೆಯಿಲ್ಲದ ಒಲೆ ಇವುಗಳ ಜೊತೆಗೆ, ಎದೆ ಹಿಡಿಯುವ ಹಂತದವರೆಗೆ ಹೋಗದೆ ಸಮತಟ್ಟು ಹಾದಿಯಲ್ಲಿ ಹತ್ತು ನಿಮಿಷದಿಂದ ಶುರುಮಾಡಿ ವಾರವಾರಕ್ಕೂ ಹೆಚ್ಚಿಸುತ್ತ ನಡೆಯಿರಿ ಎಂದು ನಾನು ಆ ತಾಯಿಗೆ ಹೇಳಿದ್ದು ಈ ಕಾರಣಕ್ಕಾಗಿ.